ತಂಬೂರಿಯು ಮೋಟರಿನ ವೇಗವನ್ನು ಅಳೆದುದು

ತಂಬೂರಿಗಳನ್ನು ಮಾಡುವ ಮೌನೇಶಾಚಾರ್ಯರು ಉಳಿ ಮಸೆಯಲೆಂದು ಗುಜರಿಯಿಂದ ವಿದ್ಯುತ್ ಮೋಟರೊಂದನ್ನು ತಂದು, ಅದರ ಪಕ್ಕದಲ್ಲಿ ಸಾಣೆಕಲ್ಲನ್ನಿರಿಸಿದರು. ಕಲ್ಲು ವಿನಯದಿಂದ ಕೇಳಿತು: “ಅಯ್ಯಾ, ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರಿದರೆ ನಾನು ಸಿಡಿದು ಚೂರಾಗುವೆನು. ತಮ್ಮ ವೇಗವೆಷ್ಟು?”

“ಇಪ್ಪತ್ತು ಸಾವಿರಕ್ಕೆ ಕಡಮೆಯಿಲ್ಲ,” ಎಂದು ಮೋಟರು ಗುಂಯ್‌ಗುಟ್ಟುತ್ತ ತಿರುಗಿತು. “ನಂಬದಿದ್ದರೆ ಅಳೆದು ನೋಡು. ಅಳೆಯುವ ಯಂತ್ರಕ್ಕೆ ನನಗಿಂತಲೂ ಬೆಲೆ ಹೆಚ್ಚು.”

“ಹಾಗಾದರೆ ತಮ್ಮ ಸಹವಾಸ ನನಗೆ ಬೇಡ. ಆಚಾರ್ಯರು ತಮ್ಮನ್ನು ಗುಜರಿಗೇ ಮರಳಿಸಲಿ,” ಎಂದಿತು ಕಲ್ಲು.

ಆಗ ಗೋಡೆಗೊರಗಿದ್ದ ತಂಬೂರಿಯ ತಂತಿಯೊಂದು ಯಾರೂ ಮೀಟದೆಯೇ ಮಿಡಿದು ನುಡಿಯಿತು: “ಕಲ್ಲಣ್ಣ, ತಾಳು. ಸೆಕೆಂಡಿಗೆ ನೂರೈವತ್ತು ಬಾರಿ ಕಂಪಿಸುವಂತೆ ಆಚಾರ್ಯರು ನನ್ನನ್ನು ಶ್ರುತಿಗೊಳಿಸಿದ್ದಾರೆ. ಅದೇ ಸ್ವರ ಕೇಳಿದಾಗ ಮಾತ್ರ ನಾನಾಗಿಯೇ ಮಿಡಿಯುವೆನು. ಈತನ ಒಡಲು ಸುತ್ತಿಗೊಮ್ಮೆ ಅದುರುತ್ತದೆ; ಆ ಅದುರೇ ಈತನ ದನಿ. ಸೆಕೆಂಡಿಗೆ ನೂರೈವತ್ತೆಂದರೆ ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು, ಅಷ್ಟೆ.”

“ನನ್ನ ಗುಟ್ಟನ್ನು ನಿನಗೆ ಹೇಳಿದವರಾರು?” ಎಂದು ಮೋಟರು ಗದರಿತು.

“ನೀನೇ. ಸದ್ದಿಲ್ಲದೆ ತಿರುಗಿದ್ದರೆ ನನಗೆ ತಿಳಿಯುತ್ತಿರಲಿಲ್ಲ.”

ಕಲ್ಲು ನಿಶ್ಚಿಂತೆಯಿಂದ ಮೋಟರಿನ ಹೆಗಲೇರಿತು. ಆ ಒಂಬತ್ತು ಸಾವಿರವೇ ಮೋಟರನ್ನು ಗುಜರಿಯಿಂದ ಉಳಿಸಿತು. ಆದರೂ ಅದು ಇಂದಿಗೂ ತಂತಿಯೊಡನೆ ಮಾತು ಬಿಟ್ಟಿದೆ.