ಹದ ಬರದ ಎಣ್ಣೆ

ಪೂಜ್ಯ ಗುರುಶಾಂತಮ್ಮನವರ ದರ್ಶನಕ್ಕೆಂದು ಬಂದವರು ಗದ್ದುಗೆಯ ಕಡೆ ನೋಡಿ ನೋಡಿ ಕತ್ತು ನೋಯಿಸಿಕೊಳ್ಳುತ್ತಿದ್ದರು. ಅಮ್ಮನವರು ಅಲ್ಲಿ ಕುಳಿತವರೇ ಅಲ್ಲ. ಮಠದ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಎಣ್ಣೆ ಕಾಯಿಸುತ್ತಿದ್ದರು. ಒಂದು ಬಾಣಲೆಯಲ್ಲಿ ದಾಸೋಹದ ಅಡುಗೆಗೆ ಕುಸುಬಿ ಎಣ್ಣೆ. ಬೆಳ್ಳುಳ್ಳಿ, ಜೀರಿಗೆ, ಕರಿಬೇವು ಬಿದ್ದು ಘಮ್ಮೆನ್ನುತ್ತಿತ್ತು. ಇನ್ನೊಂದರಲ್ಲಿ ಮೈನೋವಿನವರಿಗೆ ಎಳ್ಳೆಣ್ಣೆ. ಅದಕ್ಕೆ ಅಶ್ವಗಂಧದ ಕಷಾಯ, ಅಜವಾನ ಮತ್ತು ಒಣಶುಂಠಿ ಅರೆದ ಮುದ್ದೆ. ನಾನು ಆರು ವರ್ಷ ಅದೇ ಚಪ್ಪರದಲ್ಲಿ ರೊಟ್ಟಿ ಬಡಿದವಳು. ಆದ್ದರಿಂದ ಈ ಪ್ರಸಂಗ ಹೇಳುವ ಹಕ್ಕು ನನಗಿದೆ.

ಈಗಿನ ಭಕ್ತರು ಏನು ಹೇಳುತ್ತಾರೆ? ಅಮ್ಮನವರ ಎಣ್ಣೆಯಿಂದ ಫಕೀರಪ್ಪನ ಬಿದ್ದ ಕೈ ಎದ್ದಿತಂತೆ! ಮೊನ್ನೆ ಅವರ ಪುಣ್ಯತಿಥಿಯ ದಿನ ಒಬ್ಬರು ಮೈಕಿನಲ್ಲೇ ಹೇಳಿದರು, ಮಂದಿ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೈ ಏಳಲಿಲ್ಲ. ಆದದ್ದೇ ಬೇರೆ.

ಗಾಣದ ಓಣಿಯ ಫಕೀರಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವನ ಹೆಂಡತಿ ದಾನವ್ವ ತಿಂಗಳಿಗೊಮ್ಮೆ ಬಂದು ಮದ್ದಿನ ಸಾಮಾನು ಒಯ್ಯುತ್ತಿದ್ದಳು. ಕಾಯಿಸಿದ ಎಣ್ಣೆಯನ್ನು ಅಮ್ಮನವರು ಮನೆಗೆ ಕೊಡುತ್ತಿರಲಿಲ್ಲ. ಹಚ್ಚುವವರೇ ಕಾಯಿಸಬೇಕು, ಅದು ಅವರ ಕಟ್ಟಳೆ.

ಹೀಗೆ ವರ್ಷ ಕಳೆಯಿತು. ಒಂದು ಮಧ್ಯಾಹ್ನ ಫಕೀರಪ್ಪನ ತಾಯಿ ಶಂಕ್ರವ್ವ ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಇನ್ನೊಂದು ಕೈಯಲ್ಲಿ ಎಣ್ಣೆಯ ಗಿಂಡಿ.

“ನಿಮ್ಮ ಮದ್ದು ಖೊಟ್ಟಿ ಐತೋ, ಇಕಿ ಕೈ ಖೊಟ್ಟಿ ಐತೋ, ನೀವ ಹೇಳ್ರಿ ಯವ್ವಾ! ವರ್ಷ ಆತು, ನನ್ನ ಮಗನ ಬೆರಳು ಸೈತ ಮಿಸುಕಾಡವಲ್ದು.”

ಅಮ್ಮನವರು ಗಿಂಡಿಯನ್ನು ಮೂಸಿದರು. ಕಮಟು ವಾಸನೆ ನನ್ನ ತನಕ ಬಂತು. ತಳದಲ್ಲಿದ್ದ ಮದ್ದಿನ ಗಸಿಯನ್ನು ಬೆರಳಲ್ಲಿ ಹೊಸೆದು, ಬತ್ತಿ ಮಾಡಿ, ಒಲೆಯ ಉರಿಗೆ ಹಿಡಿದರು. ಅದು ಚಟಪಟ ಸಿಡಿಯಿತು.

ಹದ ನೋಡುವ ಬಗೆ ಅದು. ಬತ್ತಿ ಸದ್ದಿಲ್ಲದೆ ಉರಿದರೆ ಎಣ್ಣೆ ಪಕ್ವವಾಗಿದೆ ಎಂದು. ಸಿಡಿದರೆ ಕಷಾಯದ ನೀರು ಇನ್ನೂ ಉಳಿದಿದೆ, ನಾಲ್ಕು ದಿನಕ್ಕೇ ಕೆಡುತ್ತದೆ. ದಾನವ್ವನಿಗೆ ಇದು ಗೊತ್ತಿಲ್ಲದ್ದೇನಲ್ಲ. ನಮ್ಮೆದುರೇ ಮೂರು ಸಲ ಮಾಡಿ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡವಳು.

“ಮರತಿದ್ದೇನ?” ಎಂದು ಅಮ್ಮನವರು ಕೇಳಿದರು.

ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವಳು ಅನ್ನಲಿಲ್ಲ.

“ಇಲ್ರಿ ಯವ್ವಾ. ಬೇಕಂತನ ಹದ ಬರೂದ್ರಾಗ ಲಗೂನ ಇಳಸೇನಿ. ಪ್ರತಿ ಸಲ.”

“ಕೇಳಿದ್ರ್ಯಾ!” ಶಂಕ್ರವ್ವ ಎದೆ ಎದೆ ಬಡಿದುಕೊಂಡಳು. “ಕಟ್ಟಿಕೊಂಡ ಗಂಡಗ ವೈರಿ ಆಗ್ಯಾಳ!”

“ಆ ಕೈ ಎದ್ದರ ಮೊದಲ ನನ್ನ ಮ್ಯಾಲ ಏಳತೈತ್ರಿ,” ಎಂದಳು ದಾನವ್ವ. ಅವಳು ಅಳಲಿಲ್ಲ. ಸೆರಗಿನೊಳಗಿನಿಂದ ಎಡಗೈ ಹೊರತೆಗೆದಳು. ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ವರ್ಷವಿಡೀ ಅವಳು ಬಂದುಹೋದರೂ ನಾನದನ್ನು ನೋಡಿರಲಿಲ್ಲ, ನನ್ನ ಕಣ್ಣಿಗೆ ಬೆಂಕಿ ಹಾಕಬೇಕು.

“ಪತಿ ಸೇವಾ ಅಂದ್ರೇನಂತ ಇಕಿಗೆ ನಾಕು ಬುದ್ಧಿ ಹೇಳ್ರಿ,” ಎಂದು ಶಂಕ್ರವ್ವ ಪಟ್ಟು ಹಿಡಿದಳು. ತಾಳಿಕೋ ತಂಗಿ ಎಂದು ಅಮ್ಮನವರೂ ಹೇಳಿಬಿಡುತ್ತಾರೇನೋ ಎಂದು ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡಿದೆ. ಎಷ್ಟು ಜನ ಸ್ವಾಮಿಗಳ ಬಾಯಲ್ಲಿ ಆ ಮಾತು ಕೇಳಿಲ್ಲ ನಾವು!

ಅಮ್ಮನವರು ತಮ್ಮ ಬಾಣಲೆಯ ಎಣ್ಣೆಯನ್ನು ಬಟ್ಟಲಿಗೆ ಹಾಕಿ ಆರಿಸಿಕೊಂಡರು. ದಾನವ್ವನ ಸೊಟ್ಟ ಕೈಯನ್ನು ತೊಡೆಯ ಮೇಲೆಳೆದುಕೊಂಡು ತಿಕ್ಕತೊಡಗಿದರು. ನನ್ನ ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಅವರು ತಿಕ್ಕುತ್ತಲೇ ಇದ್ದರು. ಕೊನೆಗೆ ತಲೆ ಎತ್ತದೆ ಕೇಳಿದರು:

“ಶಂಕ್ರವ್ವಾ, ಆ ಮನ್ಯಾಗ ಮೊದಲ ಬಿದ್ದದ್ದು ಯಾರ ಕೈ?”

ಅಷ್ಟು ಹೊತ್ತು ಬಡಬಡಿಸುತ್ತಿದ್ದ ಮುದುಕಿ ಗಿಂಡಿ ಎತ್ತಿಕೊಂಡು ಹೊರಡಲು ಎದ್ದಳು.

“ನಾಳಿಂದ ಮಗನ ಎಣ್ಣಿ ನೀನ ಕಾಸು, ನೀನ ಹಚ್ಚು. ಇಕಿ ಇಲ್ಲೇ ಇರ್ತಾಳ.”

“ನನಗ ಪಾಪ ಹತ್ತತೈತೇನ್ರಿ ಯವ್ವಾ?” ದಾನವ್ವ ಮೆಲ್ಲಗೆ ಕೇಳಿದಳು.

“ಹತ್ತತೈತಿ. ಸುಳ್ಳ ಎಣ್ಣಿ ಹಚ್ಚಿದ್ದು ಪಾಪನ. ಹಚ್ಚೂದಿಲ್ಲ ಅಂತ ಬಾಯಿಬಿಟ್ಟ ಹೇಳಬೇಕಾಗಿತ್ತು.”

“ಯಾರ ಮುಂದ ಹೇಳ್ಲಿರಿ?”

ಅಮ್ಮನವರ ಕೈ ನಿಂತಿತು. ನೂರು ಜನರ ನೂರು ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಕೊಟ್ಟ ಆ ಮಹಾತಾಯಿ ಅಂದು ಸುಮ್ಮನೆ ಕುಳಿತುಬಿಟ್ಟರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಹೊಗೆ ಎಂದುಕೊಳ್ಳುವವರು ಎಂದುಕೊಳ್ಳಲಿ.

ಶಂಕ್ರವ್ವ ಎರಡು ತಿಂಗಳು ಮಗನಿಗೆ ಎಣ್ಣೆ ಕಾಯಿಸಿದಳು. ಹದ ತಪ್ಪದ ಎಣ್ಣೆ, ಅಮ್ಮನವರೇ ಹೋಗಿ ಬತ್ತಿ ಹಚ್ಚಿ ನೋಡಿ ಬಂದಿದ್ದರು. ಆದರೂ ಫಕೀರಪ್ಪನ ಕೈ ಅಲುಗಲಿಲ್ಲ. ಆದರೆ ಬಾಯಿ ಇತ್ತಲ್ಲ! ತಿಕ್ಕುವಾಗ ನೋವಾದರೆ ಹೆತ್ತ ತಾಯಿಗೂ ಅವಾಚ್ಯವಾಗಿ ಬೈಯುತ್ತಿದ್ದನಂತೆ, ಎಡಗಾಲಲ್ಲಿ ಒದೆಯುತ್ತಿದ್ದನಂತೆ.

ಮೂರನೆಯ ತಿಂಗಳು ಶಂಕ್ರವ್ವ ಒಬ್ಬಳೇ ಬಂದಳು. ಸಾಮಾನಿಗೆ ಬಂದಿದ್ದಾಳೆಂದು ನಾನು ಅಶ್ವಗಂಧ ಕಟ್ಟತೊಡಗಿದೆ. ಅವಳು ಇತ್ತ ನೋಡಲಿಲ್ಲ, ಅಮ್ಮನವರಿಗೆ ಶರಣೂ ಮಾಡಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಿದ್ದ ದಾನವ್ವನ ಎದುರು ಕುಕ್ಕರಿಸಿ ಕುಳಿತು ಆ ಸೊಟ್ಟ ಮಣಿಕಟ್ಟು ಹಿಡಿದುಕೊಂಡಳು.

“ಅವತ್ತ ನೀ ಚೀರಿದ್ದು ನನಗ ಕೇಳಿಸಿತ್ತವ್ವಾ. ಓಣಿ ಮಂದಿ ಒಳಗ ಬಂದಾರಂತ ಹೊರಗಿನ ಬಾಗಲದ ಚಿಲಕಾ ನಾನ ಹಾಕಿದ್ದೆ.”

ದಾನವ್ವ ಕೈ ಬಿಡಿಸಿಕೊಳ್ಳಲಿಲ್ಲ.

“ಗೊತ್ತೈತ್ರಿ ಅತ್ತಿ,” ಎಂದಳು. “ಚಿಲಕದ ಸಪ್ಪಳ ಕೇಳಿಸಿತ್ತು.”

ಅಮ್ಮನವರು ಬೆನ್ನು ತಿರುಗಿಸಿ ಒಲೆಗೆ ಕಟ್ಟಿಗೆ ಒಟ್ಟಿದರು. ದಾನವ್ವ ಆ ಮನೆಗೆ ಮರಳಲಿಲ್ಲ, ಶಂಕ್ರವ್ವ ಬಾ ಎಂದು ಕರೆಯಲೂ ಇಲ್ಲ. ಆದರೆ ಅಂದಿನಿಂದ ಸಾಯುವ ತನಕ, ಗಾಣದ ಓಣಿಯ ಯಾವ ಮನೆಯೊಳಗೆ ಹೆಣ್ಣುಮಗಳೊಬ್ಬಳು ಚೀರಿದರೂ ಆ ಮುದುಕಿ ಉಣ್ಣುವ ತಾಟು ಬಿಟ್ಟು ಎದ್ದು ಹೋಗಿ ಬಾಗಿಲು ಬಡಿಯುತ್ತಿದ್ದಳು. ತೆಗೆಯುವ ತನಕ ಬಡಿಯುತ್ತಿದ್ದಳು.