ಅತ್ತಿಮರಕ್ಕೆ ಗೆದ್ದು ಬಂದ ಮುಸುವ

ಒಂದು ಕಾಡಿನಲ್ಲಿ ಒಂದು ಕೆರೆಯಿತ್ತು. ಅದರ ದಡದ ಅತ್ತಿಮರದ ಮೇಲೆ ಒಬ್ಬರು ಕಾವಲು ಕೂರಬೇಕು, ಚಿರತೆ ಕಂಡರೆ ಕೂಗಬೇಕು. ಪ್ರತಿಯಾಗಿ ಮರದ ಹಣ್ಣೆಲ್ಲ ಅವರಿಗೆ. ಇದು ಅಲ್ಲಿನ ಕಟ್ಟಳೆ. ಕಾವಲಿದ್ದ ಮುದಿ ಮಂಗಟ್ಟೆ ಹಕ್ಕಿಗೆ ಕಣ್ಣು ಮಂಜಾದ್ದರಿಂದ ಚುನಾವಣೆ ನಡೆಸಬೇಕಾಯಿತು.

ಕಣದಲ್ಲಿ ಇಬ್ಬರಿದ್ದರು. ಹೆಣ್ಣುನವಿಲು ತನಗೆ ಕೂಗಲು ಬರುತ್ತದೆ ಎಂದಷ್ಟೇ ಹೇಳಿ ಕಾಳು ಹೆಕ್ಕಲು ಹೋಯಿತು. ಕರಿಮೊಗ ಎಂಬ ಮುಸುವ ಕೋತಿ ಮಾತ್ರ ಮನೆಮನೆಗೂ ಹೋಯಿತು.

ದುಂಡಿ ಎಂಬ ಮೊಲದ ಪೊದೆಗೂ ಬಂತು. ಮರಿಗಳ ಯೋಗಕ್ಷೇಮ ವಿಚಾರಿಸಿತು. ಹುಲ್ಲು ಇಷ್ಟು ಗಿಡ್ಡವಾದರೆ ಮಕ್ಕಳು ಹದ್ದಿನ ಕಣ್ಣಿಗೆ ಬೀಳುವುದಿಲ್ಲವೇ ಎಂದು ಮರುಗಿತು. ಹುಲ್ಲನ್ನೆಲ್ಲ ಮೇಯುವುದು ಜಿಂಕೆಗಳೇ, ತಾನು ಗೆದ್ದರೆ ಅವನ್ನು ಆಚೆ ದಡಕ್ಕೆ ಕಳಿಸುತ್ತೇನೆ ಎಂದಿತು. "ಈ ಮಾತು ನಮ್ಮಲ್ಲೇ ಇರಲಿ," ಎಂದು ಕಿವಿಯಲ್ಲಿ ಹೇಳಿತು. ಕಿವಿ ಉದ್ದವಿದ್ದುದರಿಂದ ಸ್ವಲ್ಪ ಹೊತ್ತು ಹಿಡಿಯಿತು.

ದುಂಡಿಗೆ ಚುಕ್ಕಿ ಎಂಬ ಜಿಂಕೆಯೊಡನೆ ಹಳೆಯ ಸ್ನೇಹ. ಬೆಳಿಗ್ಗೆ ಎರಡೂ ಜೊತೆಗೇ ಮೇಯುತ್ತಿದ್ದವು. ಅಂದಿನಿಂದ ದುಂಡಿಗೆ ಚುಕ್ಕಿಯ ಬಾಯಿ ತುಂಬ ದೊಡ್ಡದಾಗಿ ಕಾಣತೊಡಗಿತು. ವಿಚಿತ್ರವೆಂದರೆ ಚುಕ್ಕಿಯೂ ಮುಖ ತಿರುಗಿಸಿಕೊಂಡೇ ಓಡಾಡುತ್ತಿತ್ತು. ಕೆರೆಯ ಬಳಿ ಎದುರಾದರೆ ಎರಡೂ ನೀರನ್ನೇ ನೋಡುತ್ತಿದ್ದವು.

ಕರಿಮೊಗ ಭಾರಿ ಬಹುಮತದಿಂದ ಗೆದ್ದಿತು. ಹಣ್ಣು ತಿಂದಿತು. ನಿದ್ದೆ ಮಾಡಿತು. ಹುಲ್ಲು ಇದ್ದಷ್ಟೇ ಇತ್ತು.

ಒಂದು ಮಧ್ಯಾಹ್ನ ದುಂಡಿಗೆ ಲಂಟಾನ ಪೊದೆಯ ಹಿಂದೆ ಚಿರತೆ ಕಾಣಿಸಿತು. ಮರದ ಮೇಲೆ ಕರಿಮೊಗ ಗೊರಕೆ ಹೊಡೆಯುತ್ತಿತ್ತು. ಕೆಳಗೆ ಚುಕ್ಕಿ ಮರಿಯೊಂದಿಗೆ ನೀರಿಗೆ ಇಳಿಯುತ್ತಿತ್ತು. ತಾನು ಸುಮ್ಮನಿದ್ದರೆ ಹುಲ್ಲು ಉಳಿಯುತ್ತದೆ ಎಂಬ ಯೋಚನೆ ದುಂಡಿಗೆ ಬಂದೇ ಬಂತು. ಹಾಗೆ ಯೋಚಿಸಿದ್ದಕ್ಕೆ ಅದಕ್ಕೇ ಹೆದರಿಕೆಯಾಯಿತು. ಹಿಂಗಾಲಿನಿಂದ ನೆಲವನ್ನು ಜೋರಾಗಿ ಬಡಿಯಿತು. ಚುಕ್ಕಿ ಮರಿಯನ್ನು ಮುಂದೆ ನೂಕಿಕೊಂಡು ಓಡಿತು. ಚಿರತೆ ನೀರು ಕುಡಿದು ಹೋಯಿತು.

ಸಂಜೆ ಚುಕ್ಕಿ ಪೊದೆಯ ಬಳಿ ಬಂದು ನಿಂತಿತು. "ಎಳೆ ಹುಲ್ಲನ್ನೆಲ್ಲ ನೀವು ಬುಡದಲ್ಲೇ ಕತ್ತರಿಸುತ್ತೀರಂತೆ. ಗೆದ್ದರೆ ನಿಮ್ಮನ್ನು ಆಚೆ ದಡಕ್ಕೆ ಕಳಿಸುತ್ತೇನೆ ಅಂದಿತ್ತು ಮುಸುವ."

"ನಮಗೆ ನಿಮ್ಮನ್ನು ಕಳಿಸುತ್ತೇನೆ ಅಂದಿತ್ತು," ಎಂದಿತು ದುಂಡಿ.

ಎರಡೂ ಆಚೆ ದಡವನ್ನು ನೋಡಿದವು. ಅಲ್ಲಿ ಬಂಡೆ ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಅವು ಎಲ್ಲರನ್ನೂ ಅತ್ತಿಮರದ ಕೆಳಗೆ ಸೇರಿಸಿದವು. ಕರಿಮೊಗ ತನಗೆ ಕೊಟ್ಟ ಭರವಸೆಯನ್ನು ಒಂದೊಂದು ಪ್ರಾಣಿಯೂ ಗಟ್ಟಿಯಾಗಿ ಹೇಳಿತು. ಹಂದಿಗೆ ಹೇಳಿದಂತೆ ಕಡವೆ ಹೋಗಬೇಕಿತ್ತು, ಕಡವೆಗೆ ಹೇಳಿದಂತೆ ಹಂದಿ. ಕೊನೆಗೆ ನೋಡಿದರೆ, ಆಚೆ ದಡಕ್ಕೆ ಹೋಗಬೇಕಿಲ್ಲದ ಪ್ರಾಣಿ ಕರಿಮೊಗ ಒಂದೇ. ಆದ್ದರಿಂದ ಅದನ್ನೇ ಕಳಿಸುವುದೆಂದು ತೀರ್ಮಾನವಾಯಿತು. ಕಾವಲು ಹೆಣ್ಣುನವಿಲಿಗೆ ಹೋಯಿತು.

ಹೊರಡುವ ಮುನ್ನ ಕರಿಮೊಗ ದುಂಡಿಯ ಪಕ್ಕಕ್ಕೆ ಬಂತು. ಇದೆಲ್ಲದರ ಹಿಂದೆ ಯಾರಿದ್ದಾರೆಂದು ತನಗೆ ಗೊತ್ತು, ಬೇಕಾದರೆ ಹೇಳುತ್ತೇನೆ ಎಂದಿತು.

"ಸ್ವಲ್ಪ ತಾಳಿ," ಎಂದಿತು ದುಂಡಿ. "ಚುಕ್ಕಿ ಅಲ್ಲಿ ಮೇಯುತ್ತಿದೆ. ಕರೆಯುತ್ತೇನೆ, ಇಬ್ಬರಿಗೂ ಒಟ್ಟಿಗೇ ಹೇಳಿ."

ಕರಿಮೊಗ ತಾಳಲಿಲ್ಲ.

ನೀತಿ: ನೆರೆಯವರ ಮೇಲೆ ಚಾಡಿ ಹೇಳಿ ಓಟು ಕೇಳುವವರನ್ನು ನಂಬುವ ಮೊದಲು, ಹೋಗಿ ನೆರೆಯವರನ್ನೇ ಮಾತಾಡಿಸಬೇಕು.