ಗವಿರಂಗ ಟೈರು ತಂದದ್ದು

ಕಲ್ಲು ಸೀಳೋ ಊರೊಂದರಲ್ಲಿ ಪಾಲಕ್ಕ ಅಂತ ಒಬ್ಬಳಿದ್ದಳು. ಬೇಲಿಗೆ ನೆಡೋ ಕಲ್ಲುಕಂಬ ಮಾರೋದು ಅವಳ ಕಸುಬು. ಇದ್ದ ಒಬ್ಬ ಮಗ ಗವಿರಂಗ. ಪಿಕಪ್ ಗಾಡಿ ಓಡಿಸೋದರಲ್ಲಿ ಎತ್ತಿದ ಕೈ. ಆದರೆ ತಲೆ? ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ತಲೆ!

ಒಂದು ದಿನ ಕಂಬ ಹೇರಿದ ಗಾಡಿಯ ಟೈರು ಢಬ್ ಅಂತ ಒಡೀತು. ನೋಡಿದರೆ ನಾಲ್ಕೂ ಸವೆದಿವೆ. ಶುಕ್ರವಾರದೊಳಗೆ ದಾಳಿಂಬೆ ತೋಟದ ಹನುಮಂತರಾಯಪ್ಪನಿಗೆ ಕಂಬ ಮುಟ್ಟಬೇಕು. ಮುಟ್ಟದಿದ್ದರೆ ಬೇರೆಯವರ ಹತ್ತಿರ ಕೊಳ್ತೀನಿ ಅಂದಿದ್ದಾನೆ.

“ಪೇಟೆಗೆ ಹೋಗಿ ದೊಡ್ಡ ಟೈರು ತಗೊಂಬಾರೋ, ಭಾರ ತಡೀಬೇಕು!” ಅಂದಳು ಪಾಲಕ್ಕ.

ಸಂಜೆಗೆ ಗವಿರಂಗ ಬೆವರು ಸುರಿಸುತ್ತಾ ಬಂದ. ಆಳೆತ್ತರದ ಟ್ರ್ಯಾಕ್ಟರ್ ಟೈರು ಉರುಳಿಸಿಕೊಂಡು!

“ಅಂಗಡೀಲಿ ಇದಕ್ಕಿಂತ ದೊಡ್ಡದು ಇಲ್ಲ ಕಣವ್ವ!”

“ಅಯ್ಯೋ ಪೆದ್ದೇ! ಇದನ್ನ ಎಲ್ಲಿಗೆ ಹಾಕ್ಲಿ, ನನ್ನ ತಲೆಗಾ? ವಾಪಸ್ ಕೊಟ್ಟು ಬಾ. ಒಡೆದ ಟೈರನ್ನೂ ಜೊತೇಲಿ ಒಯ್ಯಿ. ನೋಡ್ಕೊಂಡು ಇದೇ ಥರದ್ದು ತಾ!”

ಹೋದ. ಬಂದ. ಪಂಕ್ಚರ್ ಅಂಗಡಿ ಹಿಂದಿನ ಗುಡ್ಡೆಯಲ್ಲಿ ಅರ್ಧ ದಿನ ಹುಡುಕಿ, ಸವೆದು ಬೋಳಾಗಿ ಒಡೆದ ಟೈರೊಂದನ್ನ ತಂದ.

“ನೋಡವ್ವ, ಇದೇ ಥರದ್ದು! ಸೀಳಿರೋದೂ ಅದೇ ಜಾಗದಲ್ಲಿ! ಇನ್ನೂ ಮೂರಕ್ಕೆ ಹೇಳಿ ಬಂದಿದ್ದೀನಿ.”

ಪಾಲಕ್ಕ ಕಂಬದ ಮೇಲೆ ಕುಸಿದು ಕೂತಳು. ಅಳಲೂ ಇಲ್ಲ, ನಗಲೂ ಇಲ್ಲ.

“ಲೋ, ಎಲ್ಲಾ ಟೈರೂ ಒಂದೇ ಅಲ್ಲ ಕಣೋ! ಒಂದೊಂದಕ್ಕೆ ಒಂದೊಂದು ತಾಕತ್ತು. ಎಷ್ಟು ಭಾರ ಹೊರುತ್ತೆ ಅಂತ ಮೊದಲು ಕೇಳು, ಆಮೇಲೆ ತಗೋ!”

ಗವಿರಂಗ ಮತ್ತೆ ಹೋದ. ಟೈರಂಗಡಿ ಮುಂದೆ ಕುಕ್ಕರಗಾಲಲ್ಲಿ ಕೂತ. ಟೈರಿನ ತೂತಿಗೆ ಬಾಯಿಟ್ಟು, “ಅಣ್ಣಾ, ನೀನೆಷ್ಟು ಹೊರ್ತೀಯಪ್ಪ?” ಅಂದ. ಕಿವಿಯಿಟ್ಟು ಕಾದ. ಉತ್ತರವಿಲ್ಲ. ಪಕ್ಕದ್ದನ್ನ ಕೇಳಿದ. ಅದೂ ಮೂಕ!

ಅಂಗಡಿಯ ನೂರುಲ್ಲಾ ಸಾಬರು ಹೊಟ್ಟೆ ಹಿಡಿದು ನಗುತ್ತಾ ಹೊರಗೆ ಬಂದರು. “ಬಾರಪ್ಪ, ಅದರ ಪರವಾಗಿ ನಾನು ಹೇಳ್ತೀನಿ. ಇಲ್ಲಿ ಒತ್ತಿರೋ ನಂಬರ್ ನೋಡು. ಇದು ಒಂದು ಟೈರು ಹೊರೋ ಭಾರದ ಲೆಕ್ಕ. ಕಂಬದ ಭಾರ ಒಂದೇ ಅಲ್ಲ, ಗಾಡಿಯ ಭಾರಾನೂ ಇದರ ಮೇಲೇ ಬೀಳುತ್ತೆ. ನಿನ್ನ ಗಾಡಿಗೆ ಈ ನಾಲ್ಕು ಸರಿ. ಗಾಡಿ, ಕಲ್ಲು, ಡ್ರೈವರ್ ಎಲ್ಲಾ ಸೇರಿ ಮೂರೂವರೆ ಸಾವಿರ ಕೆಜಿ ದಾಟಬಾರದು, ತಿಳೀತಾ?”

ಸರಿಯಾದ ಟೈರು ಕಂಡು ಪಾಲಕ್ಕನ ಜೀವ ತಣ್ಣಗಾಯಿತು. ಶುಕ್ರವಾರ ಬೆಳಗ್ಗೆ ಕಂಬ ಹೇರಿಸಿ ಹೇಳಿದಳು: “ನಾನು ಮೊದಲ ಬಸ್ಸಿಗೆ ತೋಟಕ್ಕೆ ಹೋಗಿ ಗುಂಡಿ ತೆಗೆಸ್ತೀನಿ. ನೀನು ದಾರೀಲಿ ವೇಬ್ರಿಡ್ಜಲ್ಲಿ ಗಾಡಿ ತೂಕ ಹಾಕಿಸು. ಹೆಚ್ಚಿದ್ದರೆ, ಹೆಚ್ಚಾದಷ್ಟನ್ನ ಅಲ್ಲೇ ಇಳಿಸಿ ಬಾ!”

“ಹೂಂ ಕಣವ್ವ!”

ತೋಟದಲ್ಲಿ ಗುಂಡಿಗಳೆಲ್ಲ ಸಿದ್ಧವಾದವು. ಆಳುಗಳು ಕಾದರು. ಹನುಮಂತರಾಯಪ್ಪ ಗಡಿಯಾರ ನೋಡಿಕೊಂಡ. ಬಿಸಿಲು ನೆತ್ತಿಗೇರಿದಾಗ ಗವಿರಂಗ ಬಂದ. ಬರಿಗೈಲಿ, ನಡೆದುಕೊಂಡು, ಮುಖದ ತುಂಬ ನಗು.

“ಗಾಡಿ ಎಲ್ಲೋ?!”

“ವೇಬ್ರಿಡ್ಜ್ ಹತ್ರ ನಿಂತೈತೆ ಕಣವ್ವ. ಅರವತ್ತು ಕೆಜಿ ಹೆಚ್ಚಾಗಿತ್ತು. ನೀನು ಹೇಳಿದ ಹಾಗೇ ಅಲ್ಲೇ ಇಳಿಸಿ ಬಂದೆ.”

“ಏನನ್ನೋ ಇಳಿಸಿದೆ?”

“ಕಂಬ ಒಂದೊಂದೂ ತೊಂಬತ್ತು ಕೆಜಿ, ಲೆಕ್ಕ ತಪ್ಪುತ್ತೆ. ಸರಿಯಾಗಿ ಅರವತ್ತು ಇದ್ದದ್ದು ನಾನೊಬ್ಬನೇ. ಇಳಿದುಬಿಟ್ಟೆ!”